ಮಾಳಿಗೆಯ ಸುತ್ತ ಗೋಡೆ, ಬಾವಿಯ ಸುತ್ತ ಕಟ್ಟೆ



ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ತೆರೆದು ಓದಿ. ಭಾನುವಾರದ ಪೂಜೆಯಲ್ಲಿ ಇದು ನಮ್ಮ ಕಿವಿಗೆ ಬೀಳುವುದಿಲ್ಲ. ಆದರೆ ಕೃಷಿಕರಿಗೆ ಅದು ಬಹಳ ಪರಿಚಿತವಾದ ಲೋಕ. ನೆರೆಯವನ ಎತ್ತು ದಾರಿ ತಪ್ಪಿ ಬಂದರೆ ಕಂಡೂ ಕಾಣದಂತೆ ಹೋಗಬಾರದು, ದಾರಿಯಲ್ಲಿ ಬಿದ್ದ ಕತ್ತೆಯನ್ನು ಎಬ್ಬಿಸಲು ಕೈಜೋಡಿಸಬೇಕು, ಗೂಡು ಸಿಕ್ಕಿದರೆ ಮರಿಗಳೊಂದಿಗೆ ತಾಯಿಹಕ್ಕಿಯನ್ನೂ ಹಿಡಿಯಬಾರದು. ದ್ರಾಕ್ಷಿ ತೋಟದಲ್ಲಿ ಬೇರೆ ಬೀಜ ಬಿತ್ತಬಾರದೆಂಬ ಮಾತೂ ಅಲ್ಲಿದೆ; ಕಂಗಿನ ತೋಟದೊಳಗೆ ಕರಿಮೆಣಸು, ಬಾಳೆ, ಕೊಕ್ಕೋ ಬೆಳೆಸುವ ನಾವು ಅದನ್ನು ಓದಿ ಗಾಬರಿಯಾಗಬೇಕಿಲ್ಲ. ಇವುಗಳ ನಡುವೆ 8ನೆಯ ವಚನ ಹೇಳುವುದಿಷ್ಟು: ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಿಸಬೇಕು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನ ಮೇಲೆ.

ಆ ನಾಡಿನ ಮನೆಗಳ ಮಾಡು ಚಪ್ಪಟೆ. ಯೆರಿಕೋ ಊರಿನ ರಾಹಾಬಳು ಗೂಢಚಾರರನ್ನು ಅಡಗಿಸಿದ್ದು ಮಾಳಿಗೆಯಲ್ಲಿ ಹರಡಿದ್ದ ನಾರಗಸೆಯ ಕಡ್ಡಿಗಳ ಅಡಿಯಲ್ಲಿ. ಸಂತ ಪೇತ್ರರು ಯೊಪ್ಪದಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಹೋದದ್ದೂ ಮಾಳಿಗೆಗೇ. ನಮ್ಮ ಕಾಸರಗೋಡು ಕಡೆ ಹಂಚಿನ ಮನೆಗಳಿದ್ದಾಗ ಈ ವಚನಕ್ಕೆ ಕೆಲಸವಿರಲಿಲ್ಲ. ಈಗ ಮನೆ ಮನೆಗೆ ಟೆರೇಸ್ ಬಂದಿದೆ. ಅಂಗಳ ಸಾಲದವರು ಅಡಿಕೆಯನ್ನು ಅಲ್ಲೇ ಹರಡುತ್ತಾರೆ. ಹಣ್ಣಡಿಕೆ ಒಣಗಲು 40 ದಿನಗಳಷ್ಟು ಬಿಸಿಲು ಬೇಕು. ಅಷ್ಟು ದಿನವೂ ಮಗುಚಲು, ಮೋಡ ಕಂಡರೆ ಓಡಿ ರಾಶಿ ಮಾಡಲು ಹೆಂಗಸರೂ ಮಕ್ಕಳೂ ಮೇಲೆ ಹತ್ತುತ್ತಾರೆ. ಅಡ್ಡಗೋಡೆಯ ಕೆಲಸವನ್ನು ಮಾತ್ರ ‘ಮುಂದಿನ ವರ್ಷ ನೋಡುವಾ’ ಎಂದು ಬಿಟ್ಟ ಮನೆಗಳು ಎಷ್ಟೋ ಇವೆ.

ವಿಮೋಚನಾಕಾಂಡದ 21ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗುಂಡಿ ತೋಡಿದವನು ಅದನ್ನು ಮುಚ್ಚದೆ ಬಿಟ್ಟು, ಬೇರೆಯವರ ಎತ್ತೋ ಕತ್ತೆಯೋ ಅದರಲ್ಲಿ ಬಿದ್ದು ಸತ್ತರೆ, ಗುಂಡಿಯವನು ಬೆಲೆ ತೆರಬೇಕು. ಸತ್ತ ಪ್ರಾಣಿ ಅವನ ಪಾಲಿಗೆ. ಗುಂಡಿಯ ಬಳಿಗೆ ಎತ್ತು ಏಕೆ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ದುರಂತ ನಡೆದ ಮನೆಗೆ ಹೋದಾಗ ಕೇಳಿಬರುವ ಮಾತು ‘ದೇವರ ಚಿತ್ತ ಫಾದರ್’ ಎಂಬುದು. ದುಃಖದಲ್ಲಿರುವವರ ಬಾಯಲ್ಲಿ ಆ ಮಾತನ್ನು ನಾವು ತಿದ್ದುವುದಿಲ್ಲ. ಆದರೆ ದುಃಖ ಬರುವ ಮೊದಲು ಹೇಳಲೇಬೇಕು: ಕಟ್ಟೆಯಿಲ್ಲದ ಬಾವಿಗೆ ಮಗು ಬಿದ್ದುದನ್ನು ಮೋಶೆಯ ಧರ್ಮಶಾಸ್ತ್ರ ದೇವರ ಲೆಕ್ಕಕ್ಕೆ ಬರೆಯುವುದಿಲ್ಲ.

ತೋಟದ ಮಧ್ಯೆ ನೆಲಮಟ್ಟದಲ್ಲೇ ಬಾಯಿ ತೆರೆದ ಬಾವಿಗಳು, ಮೆಟ್ಟಿಲು ಜಾರುವ ಕೆರೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವಕ್ಕಿಂತ ಹೆಚ್ಚಿನ ಅಪಾಯ ಮುರಕಲ್ಲು ಕಡಿದು ಬಿಟ್ಟ ಕೋರೆಗಳದ್ದು. ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ಚೆಂಡಾಡುತ್ತಾರೆ. ಮಳೆಗಾಲದಲ್ಲಿ ಅದೇ ಜಾಗ ಕೆಂಪು ನೀರಿನಿಂದ ತುಂಬಿ ಆಳ ತಿಳಿಯುವುದಿಲ್ಲ. ಗೋಡೆ ನೆಟ್ಟಗೆ ಇರುವುದರಿಂದ ಬಿದ್ದವರಿಗೆ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ. ಕಲ್ಲು ಮಾರಿದ ಹಣದಲ್ಲಿ ಸ್ವಲ್ಪ ತೆಗೆದಿಟ್ಟು ಸುತ್ತ ಬೇಲಿ ಹಾಕಿಸಿ. ನೀರು ಸಿಗದ ಕೊಳವೆ ಬಾವಿಗಳ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲೇ ಸ್ಪಷ್ಟವಾಗಿ ಹೇಳಿದೆ: ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿಸಿ ಮುಚ್ಚಬೇಕು. ಮೇಲೆ ಗೋಣಿಚೀಲ ಹೊದಿಸಿ ಕಲ್ಲಿಡುವುದು ಮುಚ್ಚಿದಂತಲ್ಲ.

ಇನ್ನೊಂದು ಕಾಣದ ಅಪಾಯವಿದೆ. ಬಹುಕಾಲ ಇಳಿಯದೆ ಬಿಟ್ಟ ಬಾವಿಯ ತಳದಲ್ಲಿ, ಹಳೆಯ ಸುರಂಗದ ಒಳತುದಿಯಲ್ಲಿ ಉಸಿರಾಡಲು ಬೇಕಾದ ಗಾಳಿ ಇರದೆ ಹೋಗಬಹುದು. ಹೂಳೆತ್ತಲು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅವನ ಹಿಂದೆ ನೆರೆಯವನು. ಹೀಗೆ ಒಂದೇ ಬಾವಿಯಲ್ಲಿ ಎರಡು ಮೂರು ಜೀವ ಹೋಗುತ್ತವೆ. ಹಿರಿಯರು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಬಾರದು. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರು ನಿಲ್ಲದೆ ಇಳಿಯಬಾರದು, ಏಕೆಂದರೆ ಎಲ್ಲ ವಿಷಗಾಳಿಯನ್ನೂ ದೀಪ ತೋರಿಸುವುದಿಲ್ಲ. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಅದರ ಹೊಗೆಯೇ ಕೊಲ್ಲುತ್ತದೆ. ಒಳಗಿದ್ದವನು ಪ್ರಜ್ಞೆ ತಪ್ಪಿದರೆ ಹಗ್ಗದಿಂದ ಎಳೆಯಿರಿ, 101ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳವನ್ನು ಕರೆಯಿರಿ. ಹಿಂದೆ ಹಾರುವುದು ಪ್ರೀತಿಯಿಂದಲೇ ಎಂಬುದು ನಮಗೆ ಗೊತ್ತು, ಆದರೂ ಹಾರಬೇಡಿ.

ನೀರಿಗೆ ಬಿದ್ದ ಮಗುವನ್ನು ಮೇಲೆತ್ತಿದ ಮೇಲೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹಳೆಯ ರೂಢಿ. ಅದರಿಂದ ಅಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೊದಲು ಬಾಯಿಯಿಂದ ಉಸಿರು ಊದಿ ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು ಕೊಡುತ್ತಾ ಆಂಬುಲೆನ್ಸ್ ಬರುವವರೆಗೆ ಮುಂದುವರಿಸಬೇಕು. ಮಗು ಎಚ್ಚೆತ್ತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು.

ಮಳೆಗಾಲ ಆರಂಭವಾಗುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ತಯಾರಿ ಎಲ್ಲರ ಮನೆಯಲ್ಲೂ ನಡೆಯುತ್ತದೆ. ಮೈಲುತುತ್ತನ್ನು ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿ ಇಡಿ. ಆ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಷ್ಟೇ ಚಂದ. ಅದೇ ವಾರ ಬಾವಿ, ಕೋರೆ, ಟೆರೇಸುಗಳನ್ನೂ ಒಂದು ಸುತ್ತು ನೋಡಿ ಬನ್ನಿ. ಕಟ್ಟೆ ಕಟ್ಟಿಸಲು ಕೈಯಲ್ಲಿ ಹಣವಿಲ್ಲದವರು ಸಂಕೋಚಪಡದೆ ನಿಮ್ಮ ವಾರ್ಡಿನ ಗುರಿಕಾರರಿಗೆ ತಿಳಿಸಿ. ಕಲ್ಲು ಯಾರಾದರೂ ಕೊಡುತ್ತಾರೆ. ಒಂದು ಭಾನುವಾರ ಪೂಜೆಯ ನಂತರ ಯುವಕರು ಬಂದರೆ ಸಂಜೆಯೊಳಗೆ ಮೂರಡಿ ಎತ್ತರದ ಕಟ್ಟೆ ಏಳುತ್ತದೆ.