ತುರ್ಕಿಯ ಕತ್ತಿ, ಎಲ್ಲಿಯ ಉಕ್ಕು?

ಹಳೆಯ ಕತ್ತಿಯ ಮೇಲೆ ಬಂಗಾರದ ಅರಬ್ಬಿ ಅಕ್ಷರ ಕಂಡರೆ ಸಾಕು, ಅದನ್ನೇ ಅದರ ಜಾತಕವೆಂದು ನಂಬಿಬಿಡುತ್ತೇವೆ. ಮೂಲ ಹುಡುಕುವವರು ಮಾತ್ರ ಅದನ್ನು ಕೊನೆಗೆ ಓದುವುದು ಲೇಸು. ಪರ್ಷಿಯಾದ ಇಸ್ಫಹಾನಿನ ಅಸದುಲ್ಲಾ ಎಂಬ ಕಮ್ಮಾರನ ಹೆಸರು ಎಷ್ಟು ಅಲಗುಗಳ ಮೇಲಿದೆಯೆಂದರೆ, ಅಷ್ಟನ್ನೂ ಬಡಿಯಲು ಅವನು ನೂರಾರು ವರ್ಷ ಬದುಕಿರಬೇಕಿತ್ತು! ಹೆಸರಿಗೆ ಬೆಲೆಯಿತ್ತು, ಸಿಕ್ಕಸಿಕ್ಕವರು ಕೆತ್ತಿದರು.

ಅಲಗಿನ ಆಕಾರ ಅಷ್ಟು ಸುಲಭಕ್ಕೆ ಸುಳ್ಳಾಡದು. ಒಟ್ಟೋಮನ್ ತುರ್ಕರ ಕಿಲಿಜ್ ಹಿಡಿಯಿಂದ ಹೆಚ್ಚುಕಡಿಮೆ ನೆಟ್ಟಗೆ ಹೊರಟು, ಆಮೇಲೆ ಬಾಗಿ, ತುದಿಯ ಹತ್ತಿರ ಅಗಲವಾಗುತ್ತದೆ. ಅಲ್ಲಿ ಬೆನ್ನೂ ಹರಿತ. ಯೆಲ್ಮಾನ್ ಎನ್ನುವ ಈ ಭಾಗ ಏಟಿಗೆ ತೂಕ ಕೊಡುತ್ತದೆ. ಪರ್ಷಿಯಾದ ಶಂಶೀರ್‌ಗೆ ಇದಿಲ್ಲ. ಅದು ಮೊನೆಯತ್ತ ಸಪೂರವಾಗುತ್ತಲೇ ಹೋಗುತ್ತದೆ.

ನನಗೆ ಹೆಚ್ಚು ಇಷ್ಟವಾದ ಸಾಕ್ಷಿ ಒರೆ. ತುದಿ ಅಗಲವಾಗಿ ಬಾಗಿದ ಅಲಗು ಕಿರಿದಾದ ಬಾಯಿಯಲ್ಲಿ ತೂರುವುದು ಹೇಗೆ? ಅದಕ್ಕೇ ಒರೆಯ ಬೆನ್ನಿನಲ್ಲಿ, ಬಾಯಿಯಿಂದ ಕೆಳಕ್ಕೆ ಉದ್ದನೆಯ ಸೀಳು ಬಿಟ್ಟಿರುತ್ತಾರೆ. ಯೆಲ್ಮಾನ್ ಇರುವ ಅಲಗು ಸೀಳಿಲ್ಲದ ಇಕ್ಕಟ್ಟಿನ ಒರೆಯೊಡನೆ ಮಾರಾಟಕ್ಕೆ ಬಂದರೆ, ಇವೆರಡೂ ಒಟ್ಟಿಗೆ ಹುಟ್ಟಿದವಲ್ಲ ಎಂಬ ಅನುಮಾನ ಬರಲೇಬೇಕು.

ಹಿಡಿಯಂತೂ ಒಡೆಯ ಬದಲಾದಂತೆ ಬದಲಾಗುವ ವಸ್ತು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಅಲ್ಲಿಯ ಮಮ್ಲೂಕ ಯೋಧರ ಕತ್ತಿ ಯುರೋಪಿನ ಸೇನಾಧಿಕಾರಿಗಳ ಶೋಕಿಯಾಯಿತು. 1831ರಲ್ಲಿ ಬ್ರಿಟಿಷ್ ಜನರಲ್‌ಗಳಿಗೆ ಅದೇ ಮಾದರಿ ಅಧಿಕೃತವಾಯಿತು. ಹಾಗಾಗಿ ಶಿಲುಬೆಯಾಕಾರದ ಅಡ್ಡಕಾಪು, ಬಾಗಿದ ದಂತದ ಹಿಡಿ ಕಂಡಾಕ್ಷಣ ಇಸ್ತಾಂಬುಲ್ ಎನ್ನುವಂತಿಲ್ಲ. ಲಂಡನ್ ಆದರೂ ಆದೀತು. ಇತ್ತ ಭಾರತದಲ್ಲಿ, ಯೆಲ್ಮಾನ್ ಇರುವ ಅಲಗಿಗೆ ತಲ್ವಾರಿನ ದುಂಡುತಟ್ಟೆಯ ಹಿಡಿ ಕೂರಿಸಿದ ಕತ್ತಿಗಳೂ ಇವೆ. ತುರ್ಕಿಯಿಂದ ಬಂದ ಅಲಗೋ, ಇಲ್ಲಿಯ ಕಮ್ಮಾರ ನೋಡಿ ಬಡಿದದ್ದೋ ಎಂಬ ಜಗಳ ಸಂಗ್ರಾಹಕರ ನಡುವೆ ಸುಲಭಕ್ಕೆ ಮುಗಿಯುವುದಲ್ಲ.

ಉಕ್ಕಿನ ವಿಚಾರ ಇನ್ನೂ ಗೋಜಲು. ಒಳ್ಳೆಯ ಅಲಗಿನ ಮೈಮೇಲೆ ಕಾಣುವ ಅಲೆಅಲೆಯಾದ ಗೆರೆ ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕಿನ ಗುರುತು. ದಕ್ಷಿಣ ಭಾರತದಿಂದ ಅಂಥ ಉಕ್ಕು ಗಟ್ಟಿಗಳಾಗಿ ಪರ್ಷಿಯಾಕ್ಕೆ ಹಡಗೇರುತ್ತಿತ್ತು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ಬಗೆಯನ್ನು ಫ್ರಾನ್ಸಿಸ್ ಬುಕನನ್ ತನ್ನ 1800–01ರ ಪ್ರವಾಸದಲ್ಲಿ ಕಂಡು ಬರೆದಿಟ್ಟಿದ್ದಾನೆ. ನಮ್ಮ ಕಡೆಯ ಉಕ್ಕು, ಇಸ್ಫಹಾನಿನ ಸುತ್ತಿಗೆ, ಇಸ್ತಾಂಬುಲಿನ ಹಿಡಿ ಒಂದೇ ಕತ್ತಿಯಲ್ಲಿ ಸೇರಬಹುದು. ಮ್ಯೂಸಿಯಂ ಚೀಟಿಯಲ್ಲಿ ಒಂದೇ ಊರಿನ ಹೆಸರಿದ್ದರೆ ನಾನಂತೂ ಪೂರ್ತಿ ನಂಬಲಾರೆ.

ಅಟ್ಟದಲ್ಲಿ ಇಂಥದ್ದೊಂದು ಸಿಕ್ಕರೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬೇಡಿ. ಉಕ್ಕಿನ ಗೆರೆ ಮಾಸುತ್ತದೆ, ಬಂಗಾರದ ಕೆಲಸ ಕಿತ್ತು ಬರುತ್ತದೆ. ತಿಳಿದವರಿಗೆ ನೋಡಲು ಏನೂ ಉಳಿಯುವುದಿಲ್ಲ.