ಸಾಲು ಬಿಟ್ಟ ಮನಸ್ಸಿಗೆ ಅವಧಾನವೇ ಹಗ್ಗ

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತ ಕೂಡಲೇ ಮನಸ್ಸು ಎಲ್ಲಿಗೆ ಓಡುತ್ತದೆ? ಸುಳ್ಳದಂಥ ಎರೆಭೂಮಿಯ ಊರಿನಲ್ಲಿ ಅದು ಕಡಲೆಯ ಹೊಲಕ್ಕೆ, ಹುಬ್ಬಳ್ಳಿ ಪೇಟೆಯ ಧಾರಣೆಗೆ, ಸಾಲದ ಕಂತಿಗೆ ಓಡುತ್ತದೆ. 'ಧ್ಯಾನ ನನ್ನಿಂದಾಗದು' ಎಂದು ಅನೇಕರು ನಾಲ್ಕೇ ದಿನಕ್ಕೆ ಕೈಬಿಡುತ್ತಾರೆ.

ಈ ಅಡ್ಡಿ ಹೊಸದಲ್ಲ. ಪತಂಜಲಿ ಮಹರ್ಷಿಗಳು ವ್ಯಾಧಿ, ಸಂಶಯ, ಆಲಸ್ಯ ಮೊದಲಾದ 9 ಅಂತರಾಯಗಳನ್ನು ಎಣಿಸಿದರು. ಬೌದ್ಧರು ಆಸೆ, ದ್ವೇಷ, ಜಡತೆ, ಕಳವಳ, ಸಂಶಯಗಳೆಂಬ 5 ನೀವರಣಗಳನ್ನು ಹೇಳಿದರು. ನಮ್ಮ ಷಟ್‌ಸ್ಥಲದಲ್ಲಿ ಶ್ರದ್ಧೆ, ನಿಷ್ಠೆಗಳ ನಂತರ ಮೂರನೆಯ ಪ್ರಸಾದಿಸ್ಥಲದಲ್ಲಿ ಬರುವುದು ಅವಧಾನ ಭಕ್ತಿ. ಅವಧಾನವೆಂದರೆ ಎಚ್ಚರ. ಅದು ಮೊದಲ ದಿನವೇ ಕೈಸೇರುವ ವಸ್ತುವಲ್ಲ ಎಂಬುದನ್ನು ಈ ಕ್ರಮವೇ ತಿಳಿಸುತ್ತದೆ.

ಎಡೆಕುಂಟೆ ಹೊಡೆಯುವಾಗ ಎತ್ತು ಸಾಲು ಬಿಟ್ಟರೆ ರೈತನು ಎತ್ತನ್ನು ಮಾರುವುದಿಲ್ಲ; ಹಗ್ಗ ಜಗ್ಗಿ ಸಾಲಿಗೆ ತರುತ್ತಾನೆ. ಮನಸ್ಸು ಹತ್ತು ಸಲ ಸರಿದರೆ ಹತ್ತು ಸಲವೂ ಲಿಂಗಕ್ಕೆ ಮರಳಿಸಿರಿ. ಮರಳಿಸುವುದೇ ಸಾಧನೆ, ಸರಿದದ್ದಕ್ಕೆ ಹಳಹಳಿಸುತ್ತ ಕೂಡುವುದು ಮತ್ತೊಂದು ಅಡ್ಡಿ.

ತೂಕಡಿಕೆ ಬಂದರೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ತೆರೆದು ಲಿಂಗದಲ್ಲಿ ದೃಷ್ಟಿ ನಿಲ್ಲಿಸಿರಿ. 'ಇಷ್ಟು ದಿನ ಕುಳಿತರೂ ಏನೂ ಕಾಣಲಿಲ್ಲ' ಎಂಬ ಸಂಶಯ ಬಂದರೆ, ಬಿತ್ತಿದ ಮರುದಿನವೇ ಮಣ್ಣು ಕೆದರಿ ಬೀಜ ನೋಡುವವನು ಬೆಳೆ ಕಾಣನೆಂಬುದನ್ನು ನೆನೆಯಿರಿ.

ದ್ವೇಷದ ಮಾತು ಬೇರೆ. ಬದುವಿನ ಜಗಳದಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿರುವಾಗ, ಕಣ್ಣೆದುರು ಲಿಂಗವಿದ್ದರೂ ಮನದೆದುರು ಆ ಬದುವೇ ನಿಲ್ಲುತ್ತದೆ. ಅಂಥ ಅಡ್ಡಿಯನ್ನು ಪೂಜಾಕೋಣೆಯಲ್ಲಿ ಕುಳಿತು ಕಳೆಯಲಾಗದು. ಎದ್ದು ಹೋಗಿ ತಮ್ಮನ ಬಾಗಿಲು ತಟ್ಟಬೇಕು. ಹಿರಿಯರನ್ನು ಕೂಡಿಸಿ ಬಗೆಹರಿಸಿಕೊಂಡು ಬಂದವನಿಗೆ ಮರುದಿನದ ಪೂಜೆ ಹಗುರಾಗುತ್ತದೆ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆಯಿಲ್ಲದೆ, ಅನ್ನ ಸೇರದೆ, ಬದುಕೇ ಬೇಡವೆನಿಸಿದರೆ ಅದು ಭಕ್ತಿಯ ಕೊರತೆಯಲ್ಲ. ವ್ಯಾಧಿಯೂ ಅಂತರಾಯವೆಂದು ಹಿಂದಿನವರೇ ಹೇಳಿದ್ದಾರೆ. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಅಂಥವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುವುದು ಮನೆಯವರ ಧರ್ಮ. ನಾಚಿಕೆ ಸಲ್ಲದು.

ನಿತ್ಯ ಹತ್ತು ನಿಮಿಷವಾದರೂ ಸರಿ, ಬಿಡದೆ ಕುಳಿತುಕೊಳ್ಳಿರಿ. ಅವಧಾನವು ಪೂಜೆಯಿಂದ ಎದ್ದ ಮೇಲೂ ಉಳಿದು ಮಾತಿನಲ್ಲಿ, ಊಟದಲ್ಲಿ, ದುಡಿಮೆಯಲ್ಲಿ ಕಂಡುಬಂದರೆ ಸಾಧನೆ ಫಲಿಸುತ್ತಿದೆಯೆಂದು ತಿಳಿಯಿರಿ.