ಗರ್ಭಿಣಿಯ ರಕ್ತಹೀನತೆ: ಅಡುಗೆಮನೆಯಿಂದ ಎಷ್ಟು, ಮಾತ್ರೆಯಿಂದ ಎಷ್ಟು

ಗರ್ಭಿಣಿಗೆ ರಕ್ತ ಕಡಿಮೆ ಇದೆ ಎಂದು ಆಶಾ ಕಾರ್ಯಕರ್ತೆ ತಿಳಿಸಿದ ಕೂಡಲೇ ಬಹುತೇಕ ಮನೆಗಳಲ್ಲಿ ನಡೆಯುವ ಮೊದಲ ಕೆಲಸವೆಂದರೆ ಸಂತೆಯಿಂದ ಬೀಟ್‌ರೂಟ್, ದಾಳಿಂಬೆ ಮತ್ತು ಖರ್ಜೂರ ತರುವುದು. ಅತ್ತೆ ನುಗ್ಗೆ ಸೊಪ್ಪು ಬಿಡಿಸುತ್ತಾರೆ, ತವರಿನವರು ಎಳ್ಳುಂಡೆ ಕಳುಹಿಸುತ್ತಾರೆ, ಅನುಕೂಲವಿದ್ದವರು ಔಷಧಿ ಅಂಗಡಿಯಿಂದ 'ನೈಸರ್ಗಿಕ' ಎಂದು ಬರೆದ ಪುಡಿಯ ಡಬ್ಬವನ್ನೂ ತರುತ್ತಾರೆ. ಇದು ಅಕ್ಕರೆಯಿಂದ ಆಗುವ ಕೆಲಸ, ಹೀಗಳೆಯತಕ್ಕದ್ದಲ್ಲ. ತೊಂದರೆ ಇರುವುದು ಇನ್ನೊಂದೆಡೆ. ಆರೋಗ್ಯ ಕೇಂದ್ರದಿಂದ ಕೊಟ್ಟ ಕೆಂಪು ಮಾತ್ರೆಯ ಪಟ್ಟಿ ಅದೇ ಮನೆಯ ಗೂಡಿನಲ್ಲಿ ಒಡೆಯದೆ ಉಳಿದಿರುತ್ತದೆ. ಸೊಪ್ಪು, ಬೆಲ್ಲ ತಿನ್ನುತ್ತಿರುವಾಗ ಮಾತ್ರೆ ಏಕೆ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ದೊರೆಯದಿರುವುದೇ ಇದಕ್ಕೆ ಕಾರಣ. ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಮನೆಗಳಲ್ಲಿ ಆ ಉತ್ತರವನ್ನು ಹೇಳಬಲ್ಲವರಾಗಬೇಕು ಎಂಬ ಉದ್ದೇಶದಿಂದ ಈ ವಿವರಣೆಯನ್ನು ನೀಡಲಾಗಿದೆ.

ಗರ್ಭಿಣಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದನ್ನು ರಕ್ತಹೀನತೆ ಎನ್ನಲಾಗುತ್ತದೆ. 10ರಿಂದ 10.9ರವರೆಗೆ ಅಲ್ಪ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲೂ ಈ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಂದರೆ, ಮಾತ್ರೆ ಸರಬರಾಜಾಗುತ್ತಿದ್ದ ವರ್ಷಗಳಲ್ಲಿಯೇ ಸಂಖ್ಯೆ ಕದಲಿಲ್ಲ. ಮಾತ್ರೆ ಮನೆ ತಲುಪುವುದು ಬೇರೆ, ಹೊಟ್ಟೆ ತಲುಪುವುದು ಬೇರೆ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆಯಿಂದ ಹೆಸರಾದ ಊರು. ಅದರ ಸುತ್ತಲಿನ ಸೀಮೆಯನ್ನು ಮಳೆಗೆ ಬಡವಾದದ್ದೆಂದು ಹೇಳಬಹುದೇ ಹೊರತು ಕಬ್ಬಿಣಾಂಶಕ್ಕೆ ಬಡವಾದದ್ದೆಂದು ಹೇಳುವಂತಿಲ್ಲ. ಇಲ್ಲಿಯ ಹೊಲಗಳಲ್ಲಿ ಶೇಂಗಾ, ರಾಗಿ, ಸಜ್ಜೆ, ನವಣೆ, ಹುರುಳಿ ಬೆಳೆಯುತ್ತವೆ, ಹಟ್ಟಿಗಳಲ್ಲಿ ಕುರಿಗಳಿವೆ, ಹಿತ್ತಲಿನಲ್ಲಿ ನುಗ್ಗೆ ಮರವಿದೆ. 100 ಗ್ರಾಂ ಹುರುಳಿಯಲ್ಲಿ ಎಂಟು ಮಿಲಿಗ್ರಾಂಗೂ ಮೇಲ್ಪಟ್ಟು ಕಬ್ಬಿಣವಿದೆ, ಸಜ್ಜೆಯಲ್ಲಿ ಆರರಷ್ಟು, ರಾಗಿ, ನುಗ್ಗೆ ಸೊಪ್ಪು ಮತ್ತು ಬೆಲ್ಲದಲ್ಲಿ ಸುಮಾರು ನಾಲ್ಕೂವರೆ, ಶೇಂಗಾದಲ್ಲಿ ಮೂರೂವರೆಯಷ್ಟು. ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಮುದ್ದೆ, ನವಣೆ ಅನ್ನ, ಸಜ್ಜೆ ರೊಟ್ಟಿ ಹಿಂದೆ ಸರಿದು ಎರಡು ಹೊತ್ತೂ ಅನ್ನವಾದ ಮನೆಗಳು ಏನನ್ನು ಕಳೆದುಕೊಂಡವು ಎಂಬುದು ಇದರಿಂದ ತಿಳಿಯುತ್ತದೆ.

ಇದೇ ಅಳತೆಯಲ್ಲಿ ಬೀಟ್‌ರೂಟನ್ನೂ ದಾಳಿಂಬೆಯನ್ನೂ ತೂಗಿದರೆ ಅಚ್ಚರಿಯಾಗುತ್ತದೆ. ಎರಡರಲ್ಲಿಯೂ 100 ಗ್ರಾಂಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣವಿದೆ. ಬಣ್ಣ ಕೆಂಪಾಗಿರುವುದಕ್ಕೂ ರಕ್ತ ಹೆಚ್ಚುವುದಕ್ಕೂ ಸಂಬಂಧವಿಲ್ಲ. ಹಣ್ಣು ತಿನ್ನುವುದರಿಂದ ಬೇರೆ ಲಾಭಗಳುಂಟು. ಆದರೆ ಕೂಲಿಯ ಹಣದಲ್ಲಿ ದಾಳಿಂಬೆ ಕೊಳ್ಳುವ ಮನೆಗೆ, ಅದಕ್ಕಿಂತ ಹೊಲದ ಹುರುಳಿಯೇ ಈ ಕೆಲಸಕ್ಕೆ ಮೇಲು ಎಂದು ತಿಳಿಸುವುದು ಉಪಕಾರವೇ ಸರಿ.

ಹಾಗಾದರೆ ಹುರುಳಿ, ನುಗ್ಗೆ, ರಾಗಿಯಿಂದಲೇ ಕೊರತೆ ನೀಗಲಾರದೆ? ಇಲ್ಲಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಗರ್ಭಧಾರಣೆಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಅದರಲ್ಲಿ 300ರಷ್ಟು ಶಿಶುವಿಗೂ ಮಾಸಿಗೂ ಹೋಗುತ್ತದೆ. ತಾಯಿಯ ಮೈಯಲ್ಲಿ ಹೆಚ್ಚುವರಿ ರಕ್ತ ತಯಾರಾಗಲು 450ರಿಂದ 500ರಷ್ಟು ತಗಲುತ್ತದೆ. ಉಳಿದದ್ದು ದಿನನಿತ್ಯದ ಸವಕಳಿ. ಈ ಬೇಡಿಕೆಯ ಬಹುಪಾಲು ಕೊನೆಯ ಆರು ತಿಂಗಳಲ್ಲಿ ಬೀಳುವುದರಿಂದ ಆ ಅವಧಿಯಲ್ಲಿ ದಿನಕ್ಕೆ ಐದಾರು ಮಿಲಿಗ್ರಾಂ ಕಬ್ಬಿಣ ರಕ್ತಕ್ಕೆ ಸೇರಬೇಕು. ತಿಂದದ್ದು ಇಷ್ಟಿದ್ದರೆ ಸಾಲದು, ಸೇರಿದ್ದು ಇಷ್ಟಿರಬೇಕು.

ಧಾನ್ಯ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಕರುಳು ಬಹಳ ಜಿಪುಣತನದಿಂದ ಹೀರಿಕೊಳ್ಳುತ್ತದೆ. ಸಾಮಾನ್ಯ ಊಟದಲ್ಲಿ ನೂರು ಪಾಲಿನಲ್ಲಿ ಐದರಿಂದ ಎಂಟು ಪಾಲು ಸೇರಿದರೆ ಹೆಚ್ಚು. ದಿನಕ್ಕೆ 300 ಗ್ರಾಂ ರಾಗಿ, 50 ಗ್ರಾಂ ಹುರುಳಿ, 100 ಗ್ರಾಂ ನುಗ್ಗೆ ಸೊಪ್ಪು ತಿನ್ನುವ ಗರ್ಭಿಣಿ, ಅಂದರೆ ಸಾಕಷ್ಟು ಚೆನ್ನಾಗಿ ಉಣ್ಣುವ ಗರ್ಭಿಣಿ, ಸುಮಾರು 22 ಮಿಲಿಗ್ರಾಂ ಕಬ್ಬಿಣ ತಿಂದಂತಾಯಿತು. ರಕ್ತಕ್ಕೆ ಸೇರಿದ್ದು ಒಂದರಿಂದ ಎರಡು ಮಿಲಿಗ್ರಾಂ. ಗರ್ಭ ಬೆಳೆದಂತೆ ಹೀರುವ ಶಕ್ತಿ ಹೆಚ್ಚುವುದು ನಿಜ; ಆದರೂ ಬೇಡಿಕೆಗೂ ಪೂರೈಕೆಗೂ ಇರುವ ಅಂತರ ತುಂಬುವುದಿಲ್ಲ. ಮೇಲ್ತೊಟ್ಟಿಗೆ ಅರ್ಧ ಇಂಚಿನ ಪೈಪಿನಿಂದ ನೀರು ಏರಿಸುತ್ತ, ಎರಡಿಂಚಿನ ಪೈಪಿನಿಂದ ಊರಿಗೆ ಬಿಟ್ಟರೆ ತೊಟ್ಟಿಯ ಗತಿ ಏನಾಗುವುದೆಂದು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗರ್ಭ ಧರಿಸುವ ಮೊದಲೇ ತೊಟ್ಟಿ ತುಂಬಿದ್ದವರು ಹೇಗೋ ದಾಟುತ್ತಾರೆ. ನಮ್ಮ ಭಾಗದ ಅನೇಕ ಹೆಣ್ಣುಮಕ್ಕಳ ತೊಟ್ಟಿ ಮದುವೆಯ ಹೊತ್ತಿಗೇ ತಳ ಕಂಡಿರುತ್ತದೆ.

ಸರ್ಕಾರಿ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ. ಅಷ್ಟೇ ಕಬ್ಬಿಣವನ್ನು ನುಗ್ಗೆ ಸೊಪ್ಪಿನಿಂದ ಪಡೆಯಲು ದಿನಕ್ಕೆ ಒಂದೂಕಾಲು ಕೆ.ಜಿ.ಗೂ ಹೆಚ್ಚು ಸೊಪ್ಪು ಬೇಕು. ಬೀಟ್‌ರೂಟಾದರೆ ಆರು ಕೆ.ಜಿ.ಗೂ ಮೀರಿ. ಅಂಗಡಿಯ ಪುಡಿ, ಲೇಹ್ಯಗಳನ್ನೂ ಇದೇ ತಕ್ಕಡಿಯಲ್ಲಿಡಬಹುದು: ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಕಬ್ಬಿಣವಿದೆ ಎಂದು ಡಬ್ಬದ ಮೇಲೆ ನೋಡುವುದು. ಬರೆದಿಲ್ಲವಾದರೆ ಅದು ಚಿಕಿತ್ಸೆಯಲ್ಲ, ತಿನಿಸು. ಇನ್ನು ಭಸ್ಮಗಳು ಸೇರಿದ ಔಷಧಿಗಳನ್ನು ಗರ್ಭಿಣಿಯು ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಅಪಾಯಕರ. 'ನೈಸರ್ಗಿಕ' ಎಂಬ ಪದ ಯಾವ ಖಾತರಿಯೂ ಅಲ್ಲ.

ಇಷ್ಟು ಹೇಳಿದ ಮೇಲೂ ಅಡುಗೆಮನೆಯ ಪಾತ್ರ ಕಿರಿದಲ್ಲ. ಊಟದ ಕಬ್ಬಿಣ ಹೆಚ್ಚು ಸೇರಬೇಕಾದರೆ ಹುಳಿ ಬೇಕು. ಹುರುಳಿ ಬಸ್ಸಾರಿಗೆ ಊಟದ ಹೊತ್ತಿನಲ್ಲಿ ಹಿಂಡಿದ ಅರ್ಧ ನಿಂಬೆ, ಜೊತೆಗೊಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಅವುಗಳ ವಿಟಮಿನ್ ಸಿ ಕರುಳಿನ ಬಾಗಿಲನ್ನು ಸ್ವಲ್ಪ ತೆರೆಯುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸುವುದು, ರಾಗಿಯನ್ನು ಹುರಿಹಿಟ್ಟು ಮಾಡುವುದು, ಹಿಟ್ಟನ್ನು ಹುದುಗಿಸುವುದು ಕೂಡ ಇದೇ ಕೆಲಸ ಮಾಡುತ್ತವೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಅಡುಗೆಗೆ ಇಳಿಯುತ್ತದೆ; ಅಜ್ಜಿಯರ ಕಾಲದ ಬಾಣಲೆಯನ್ನು ಗುಜರಿಗೆ ಹಾಕಿ ಅಲ್ಯೂಮಿನಿಯಂ ತಂದದ್ದು ಲಾಭದ ವ್ಯಾಪಾರವಲ್ಲ. ಇದಕ್ಕೆ ವಿರುದ್ಧವಾದದ್ದು ಚಹಾ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿಯುವ ಚಹಾ, ಊಟದಿಂದ ಸೇರಬೇಕಾದ ಕಬ್ಬಿಣದ ಅರ್ಧಕ್ಕೂ ಹೆಚ್ಚನ್ನು ತಡೆಯಬಲ್ಲದು. ಒಂದೆರಡು ಗಂಟೆ ಬಿಟ್ಟು ಕುಡಿದರೆ ಆಯಿತು. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯೊಡನೆ ನುಂಗಬಾರದು. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಬೇಕು.

ಮಾಂಸದಲ್ಲಿರುವ ಕಬ್ಬಿಣ ಸೊಪ್ಪಿನದಕ್ಕಿಂತ ಹಲವು ಪಟ್ಟು ಸುಲಭವಾಗಿ ಸೇರುತ್ತದೆ. ಮ್ಯಾಸನಾಯಕ ಸಮುದಾಯದಲ್ಲಿ ಕೋಳಿ ತಿನ್ನುವ ರೂಢಿ ಇಲ್ಲ, ಕುರಿ ಮಾಂಸಕ್ಕೆ ಅಡ್ಡಿಯಿಲ್ಲ. ಮನೆಯಲ್ಲಿ ಮಾಂಸ ಬೇಯಿಸಿದ ದಿನ ಮೊದಲ ಪಾಲು ಗರ್ಭಿಣಿಗೆ ದೊರೆಯುತ್ತದೆಯೆ, ಅಥವಾ ಎಲ್ಲರೂ ಉಂಡ ಮೇಲೆ ಉಳಿದ ಸಾರು ಮಾತ್ರವೆ ಎಂಬುದು ಮುಜುಗರದ ಪ್ರಶ್ನೆಯಾದರೂ ಕೇಳತಕ್ಕದ್ದೇ. ಯಕೃತ್ತಿನಲ್ಲಿ ವಿಟಮಿನ್ ಎ ಅತಿಯಾಗಿರುವುದರಿಂದ ಗರ್ಭಿಣಿಯು ಅದನ್ನು ಆಗಾಗ್ಗೆ ತಿನ್ನುವುದು ಬೇಡ.

ಮಾತ್ರೆ ಬಿಡುವುದಕ್ಕೆ ಮನೆಗಳು ಕೊಡುವ ಕಾರಣಗಳು ಹೆಚ್ಚೇನಿಲ್ಲ. ಮಲ ಕಪ್ಪಾಗುತ್ತದೆ: ಸೇರದೆ ಉಳಿದ ಕಬ್ಬಿಣದ ಬಣ್ಣ ಅದು, ಹಾನಿಯಿಲ್ಲ. ಮಗು ಕಪ್ಪಾಗಿ ಹುಟ್ಟುತ್ತದೆ: ಇದಕ್ಕೆ ಆಧಾರವೇ ಇಲ್ಲ. ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ: ಇದು ನಿಜ, ಮತ್ತು ಇದನ್ನು ನಿಜವೆಂದು ಒಪ್ಪಿಕೊಂಡೇ ಮಾತನಾಡಬೇಕು. ರಾತ್ರಿ ಊಟವಾದ ಒಂದು ಗಂಟೆಯ ನಂತರ ನುಂಗಿದರೆ ತೊಳಸು ಕಡಿಮೆಯಾಗುತ್ತದೆ. ಹಲವರಿಗೆ ಕೆಲವು ದಿನಗಳಲ್ಲಿ ಒಗ್ಗುತ್ತದೆ. ಒಗ್ಗದಿದ್ದರೆ ಮಾತ್ರೆಯನ್ನು ಸದ್ದಿಲ್ಲದೆ ಬಿಡುವ ಬದಲು ವೈದ್ಯಾಧಿಕಾರಿಗೆ ತಿಳಿಸಬೇಕು. ಗರ್ಭಿಣಿ ಒಲೆಯ ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನುತ್ತಿದ್ದರೆ ಅದನ್ನು ಬಯಕೆಯೆಂದು ನಕ್ಕು ಬಿಡಬಾರದು. ಅದು ಅನೇಕ ವೇಳೆ ಕಬ್ಬಿಣದ ಕೊರತೆಯ ಗುರುತು.

ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಈ ಮಾತ್ರೆ ಸೇವಿಸಬೇಕೆಂಬುದು 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ನಿಯಮ. ಹಿಮೋಗ್ಲೋಬಿನ್ 7ರಿಂದ 10.9ರ ನಡುವೆ ಇದ್ದವರಿಗೆ ದಿನಕ್ಕೆ ಎರಡು ಮಾತ್ರೆ, ತಿಂಗಳಿಗೊಮ್ಮೆ ಮರುಪರೀಕ್ಷೆ. ಒಂದು ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು. ಕಾರಣ ಬಿ-12ರ ಕೊರತೆಯೋ ಬೇರೆ ಕಾಯಿಲೆಯೋ ಆಗಿರಬಹುದು. 7ಕ್ಕಿಂತ ಕಡಿಮೆ ಇರುವವರಿಗೆ ವೈದ್ಯರ ನಿಗಾದಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶ ನೀಡಲಾಗುತ್ತದೆ. ಕೊನೆಯ ಮೂರು ತಿಂಗಳಲ್ಲಾದರೆ, ಅಥವಾ ಪ್ರಮಾಣ 5ಕ್ಕಿಂತ ಕೆಳಗಿದ್ದರೆ, ತಡವಿಲ್ಲದೆ ಆಸ್ಪತ್ರೆಗೆ ದಾಖಲಿಸಬೇಕು.

'ಒಂದು ತಿಂಗಳಿಗೆ ಒಂದು ಗ್ರಾಂ' ಎಂಬ ಈ ವೇಗವನ್ನು ಸದಸ್ಯರು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ನಾಲ್ಕನೆಯ ತಿಂಗಳಲ್ಲಿ 8 ಇದ್ದ ಹೆಣ್ಣುಮಗಳಿಗೆ ಹೆರಿಗೆಯ ಹೊತ್ತಿಗೆ 11 ತಲುಪಲು ಕಾಲವಿದೆ. ಎರಡು ತಿಂಗಳು ಬೀಟ್‌ರೂಟ್ ರಸದಲ್ಲಿ, ಎರಡು ತಿಂಗಳು ಪುಡಿಯ ಡಬ್ಬದಲ್ಲಿ ಕಳೆದು ಎಂಟನೆಯ ತಿಂಗಳಲ್ಲಿ ಬಂದವಳಿಗೆ ಇಲ್ಲ. ಸಾಮಾನ್ಯ ಹೆರಿಗೆಯಲ್ಲಿಯೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. ಮೈಯಲ್ಲಿ ರಕ್ತವಿದ್ದವಳು ಅದನ್ನು ತಾಳುತ್ತಾಳೆ. 6 ಗ್ರಾಂ ಇದ್ದವಳಿಗೆ ಅಷ್ಟೇ ಸ್ರಾವ ಪ್ರಾಣಾಂತಿಕವಾಗಬಹುದು.

ಗ್ರಾಮ ಪಂಚಾಯಿತಿಯ ಕೈಯಲ್ಲಿಯೇ ಇರುವ ಒಂದು ವಿಷಯಕ್ಕೆ ವಿಶೇಷ ಗಮನ ಬೇಕು: ಕುಡಿಯುವ ನೀರು. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಇರುವುದು ಹಳೆಯ ಮಾತು. ಹಲ್ಲಿನ ಕಲೆ, ಮೂಳೆಯ ನೋವಿಗೆ ಅದನ್ನು ಜೋಡಿಸುತ್ತೇವೆಯೇ ಹೊರತು ಗರ್ಭಿಣಿಯ ರಕ್ತಕ್ಕೆ ಅಲ್ಲ. ದೆಹಲಿಯಲ್ಲಿ ಡಾ. ಎ.ಕೆ. ಸುಶೀಲಾ ಮತ್ತು ಸಂಗಡಿಗರು ರಕ್ತಹೀನ ಗರ್ಭಿಣಿಯರ ನಡುವೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ಮತ್ತು ಆಹಾರದಿಂದ ಫ್ಲೋರೈಡನ್ನು ದೂರವಿಟ್ಟು ಪೌಷ್ಟಿಕ ಆಹಾರ ಸೇವಿಸಿದವರ ಹಿಮೋಗ್ಲೋಬಿನ್ ಏರಿತು, ಕಡಿಮೆ ತೂಕದ ಶಿಶುಗಳ ಜನನ ಇಳಿಯಿತು. ಅತಿಯಾದ ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸಿ ಪೋಷಕಾಂಶ ಹೀರದಂತೆ ಮಾಡುತ್ತದೆ ಎಂಬುದು ಅವರ ವಿವರಣೆ. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗದಿದ್ದರೂ, ಕೆಟ್ಟು ನಿಂತ ಶುದ್ಧ ನೀರಿನ ಘಟಕವನ್ನು ದುರಸ್ತಿ ಮಾಡಿಸಲು ಇಷ್ಟು ಕಾರಣ ಸಾಕು. ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಮೂಲಗಳ ಪಟ್ಟಿಯನ್ನೂ ವಾರ್ಡಿನ ಗರ್ಭಿಣಿಯರ ಪಟ್ಟಿಯನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಂದು ಸಭೆಯ ಕೆಲಸ. ಬರಿಗಾಲಿನ ಮೂಲಕ ಮೈ ಹೊಗುವ ಕೊಕ್ಕೆಹುಳು ಕರುಳಿನಲ್ಲಿದ್ದು ದಿನವೂ ರಕ್ತ ಹೀರುತ್ತದೆ; ನಾಲ್ಕನೆಯ ತಿಂಗಳ ನಂತರ ಒಮ್ಮೆ ಕೊಡುವ ಅಲ್ಬೆಂಡಜೋಲ್ ಮಾತ್ರೆ ಇದಕ್ಕಾಗಿ. ಕಟ್ಟಿಸಿಯೂ ಬಳಸದ ಶೌಚಾಲಯಗಳು ಈ ಲೆಕ್ಕಕ್ಕೂ ಸೇರುತ್ತವೆ.

2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿಯ ಜೊತೆಗೆ ಅಂಗನವಾಡಿಯಲ್ಲಿಯೇ ಮಾತ್ರೆ ನುಂಗಿಸುವ ಉದ್ದೇಶದ್ದು. ಮೊಟ್ಟೆ ಒಲ್ಲದವರಿಗೆ ಮೊಳಕೆ ಕಾಳು ಸಿಗುತ್ತಿದೆಯೆ ಎಂದು ಸದಸ್ಯರು ನೋಡಬೇಕು. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಬರುವಲ್ಲಿ, ಬಣ್ಣ ಬೇರೆಯಾಗಿ ಕಾಣುವ ಕಾಳುಗಳನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯುವವರಿದ್ದಾರೆ. ಎಸೆದದ್ದು ಕಬ್ಬಿಣಾಂಶ ಬೆರೆಸಿದ ಕಾಳನ್ನೇ. ಪಡಿತರ ಅಂಗಡಿಯ ಮುಂದೆ ಸದಸ್ಯರೊಬ್ಬರು ಆ ಅಕ್ಕಿಯ ಅನ್ನವನ್ನು ಬೇಯಿಸಿ ಉಂಡು ತೋರಿಸಿದರೆ ಯಾವ ಭಿತ್ತಿಪತ್ರವೂ ಬೇಡ.

ಕುಬುಸ ಅಥವಾ ಸೀಮಂತ ಮುಗಿಸಿ ತವರಿಗೆ ಹೋಗುವ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರೆಯ ಸರಪಣಿ ಹೆಚ್ಚಾಗಿ ಕಡಿಯುತ್ತದೆ. ಗಂಡನ ಊರಿನ ಆಶಾ ಪಟ್ಟಿಯಲ್ಲಿ ಹೆಸರಿದೆ, ಆಕೆ ಇಲ್ಲ. ತವರಿನ ಪಟ್ಟಿಯಲ್ಲಿ ಆಕೆ ಇದ್ದಾಳೆ, ಹೆಸರಿಲ್ಲ. ತವರು ರಾಯದುರ್ಗದ ಕಡೆಯಾದರೆ ರಾಜ್ಯವೇ ಬದಲಾಗುತ್ತದೆ. ಹೊರಡುವ ದಿನ ತಾಯಿ ಕಾರ್ಡ್, ಉಳಿದ ತಿಂಗಳುಗಳಿಗೆ ಬೇಕಾದಷ್ಟು ಮಾತ್ರೆ, ಕೊನೆಯ ಪರೀಕ್ಷೆಯ ಸಂಖ್ಯೆ ಈ ಮೂರೂ ಆಕೆಯ ಚೀಲದಲ್ಲಿವೆಯೆ ಎಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮೂಲಕ ಖಚಿತಪಡಿಸಿಕೊಳ್ಳಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಅಲ್ಲಿಯೂ ಇರುತ್ತದೆಂದು ತಿಳಿಸಬೇಕು.

ಹೆರಿಗೆಯ ನಂತರವೂ 180 ದಿನ ಮಾತ್ರೆ ಮುಂದುವರಿಯಬೇಕು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿ ಹಟ್ಟಿಯ ಹೊರಗೆ ಗುಡಿಸಲಿನಲ್ಲಿರುವ ಪದ್ಧತಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆ ದಿನಗಳಲ್ಲಿ ಅಂಗನವಾಡಿಯ ಊಟವಾಗಲಿ ಮಾತ್ರೆಯಾಗಲಿ ಅಲ್ಲಿಗೆ ತಾನಾಗಿ ತಲುಪದು. ಪದ್ಧತಿಯ ಬಗ್ಗೆ ಹಿರಿಯರೊಡನೆ ನಡೆಯುವ ಮಾತುಕತೆಗೆ ವರ್ಷಗಳೇ ಬೇಕಾಗಬಹುದು. ಊಟದ ಡಬ್ಬಿ ಮತ್ತು ಮಾತ್ರೆಯ ಪಟ್ಟಿಯನ್ನು ಆ ಗುಡಿಸಲಿನ ಬಾಗಿಲಿಗೆ ತಲುಪಿಸುವ ವ್ಯವಸ್ಥೆಯನ್ನು ಆ ವಾರ್ಡಿನ ಸದಸ್ಯರು ಹೆರಿಗೆಯ ದಿನದಿಂದಲೇ ಮಾಡತಕ್ಕದ್ದು.